ದೇವರ ಜಗಲಿ ಮೇಲೆ ಇಟ್ಟು ಹೋದದ್ದು

ದಿನಾ ಸಂಜೆ ದೀಪ ಹಚ್ಚಿದ ಮೇಲೆ ಆ ದಿನ ದೇವರು ಕೊಟ್ಟದ್ದನ್ನು ನೆನೆಯುವುದು ನನ್ನ ರೂಢಿ. ದೊಡ್ಡದೇನಲ್ಲ. ನಳಕ್ಕೆ ನೀರು ಬಂತು, ಹಾಲು ಒಡೆಯಲಿಲ್ಲ, ಮನೆಯವರ ಮೊಣಕಾಲು ನೋವು ಮಾಳಿಗೆ ಹತ್ತುವಷ್ಟು ಕಡಿಮೆ ಆಗಿತ್ತು, ಇಂಥವು. ಸಿಂಧನೂರಿನ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಬಿಟ್ಟಿಲ್ಲ. ನನ್ನ ತಂಗಿಯ ನೆನಪು ಬಂದಾಗ ಮಾತ್ರ ಈ ಲೆಕ್ಕ ನನಗೆ ಹತ್ತುವುದಿಲ್ಲ. ಯಾವುದನ್ನು ಕೃಪೆ ಅನ್ನಬೇಕು, ಯಾವುದನ್ನು ಬಿಡಬೇಕು ತಿಳಿಯದೆ ದೀಪದ ಮುಂದೆ ಸುಮ್ಮನೆ ಕೂತಿರುತ್ತೇನೆ.

ತಂಗಿಯನ್ನು ಕೊಟ್ಟದ್ದು ಮಸ್ಕಿಗೆ. ಮಲ್ಲಯ್ಯನ ಗುಡ್ಡ ಎದುರಿಗೇ ಕಾಣುವ ಓಣಿ, ಕಿರಾಣಿ ವ್ಯಾಪಾರದ ಮನೆ. ಅಕಿಯ ಗಂಡ ಒಂದು ಮುಂಜಾನೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮಕ್ಕಳಾಗಿರಲಿಲ್ಲ. ಉಳಿದದ್ದು ವಯಸ್ಸಾದ ಅತ್ತೆ, ಭಾವನ ಸಂಸಾರ, ಮತ್ತೆ ಓಣಿಗೆ ಮುಖ ಮಾಡಿದ ಮುಂದಿನ ಖೋಲಿಯಲ್ಲಿ ಅಕಿಯ ಹೊಲಿಗೆ ಮಷಿನ್.

ಹೊಲಿಗೆ ತವರಿನಿಂದ ಬಂದದ್ದು. ನಮ್ಮವ್ವ ಇಬ್ಬರಿಗೂ ಕಲಿಸಿದಳು. ನನ್ನ ಕೈಗೆ ಹತ್ತಲಿಲ್ಲ, ಅಕಿಗೆ ಹತ್ತಿತು. ಖಣದ ಕುಪ್ಪಸ ಅಕಿ ಹೊಲಿದರೆ ಎರಡೂ ತೋಳಿನ ಅಂಚು ಒಂದೇ ಗೆರೆಗೆ ನಿಲ್ಲುತ್ತಿತ್ತು. ಮುಂದೆ ಗಂಟು ಕಟ್ಟುವ ಹಳೇ ತರದ ಕುಪ್ಪಸ ಹೊಲಿಯುವವರು ಈಗ ಎಲ್ಲಿದ್ದಾರೆ? ಮಸ್ಕಿಯ ಮುದುಕಿಯರೆಲ್ಲ ಅಕಿ ಹತ್ತಿರವೇ ಬರುತ್ತಿದ್ದರು. ಮದುವೆಯ ದಿನಗಳಲ್ಲಿ ಮದುಮಗಳ ಉಡಿಗೆ ಇಡುವ ಕುಪ್ಪಸ ಅಂದರೆ ಅಕಿ ಕೈಯದೇ ಆಗಬೇಕು.

ಗಂಡ ಹೋದ ಮೇಲೆ ಅಕಿ ಮಷಿನ್ ಮುಟ್ಟಿರಲಿಲ್ಲ. ಮೇಲೆ ಮುಚ್ಚಿದ್ದ ಬಟ್ಟೆಯನ್ನು ಎತ್ತಿದವಳು ಅತ್ತೆಯೇ.

"ಗ್ವಾಡಿ ನೋಡಿಕೋಂತ ಎಷ್ಟು ದಿನ ಕುಂದರ್ತೀ? ಹೊಲಿ."

"ಜನ ಏನಂತಾರ, ಅತ್ತಿ?"

"ಜನಕ್ಕ ಏನನ್ನಾಕ ಬಿಡಬಾರದು, ಅದು ನನಗ ಗೊತ್ತೈತಿ."

ಆ ಮನೆಯಲ್ಲಿ ಹೆಣ್ಣುಮಕ್ಕಳು ಕೂಲಿ ಮುಟ್ಟಿದ್ದಿಲ್ಲ; ಗಂಡ ಇದ್ದಾಗ ತಂಗಿ ಹೊಲಿದು ಕೊಟ್ಟದ್ದೂ ಪುಕ್ಕಟೆಯೇ. ಅದಕ್ಕೆ ಮುದುಕಿ ಒಂದು ದಾರಿ ಮಾಡಿದಳು. ಹೊಲಿದ ಕುಪ್ಪಸ ಒಯ್ಯಲು ಬಂದವರು ರೊಕ್ಕವನ್ನು ತಂಗಿಯ ಕೈಗೆ ಕೊಡುವಂತಿಲ್ಲ. ಒಳಗೆ ಹೋಗಿ ದೇವರ ಜಗಲಿಯ ಮೇಲೆ, ವಿಭೂತಿ ತಟ್ಟೆಯ ಪಕ್ಕಕ್ಕೆ, ತಮಗೆ ತಿಳಿದಷ್ಟು ಇಟ್ಟು ಕೈಮುಗಿದು ಹೋಗಬೇಕು. ಇಷ್ಟೇ ಅಂತ ಕೇಳುವವರಿಲ್ಲ, ಇಷ್ಟೇ ಇಟ್ಟರು ಅಂತ ನೋಡುವವರೂ ಇಲ್ಲ. ಸಂಜೆ ಲಿಂಗಪೂಜೆ ಆದ ಮೇಲೆ ಅತ್ತೆ ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡು ಸೊಸೆಯ ಉಡಿಗೆ ಹಾಕುತ್ತಿದ್ದಳು.

"ತಗೋ. ಮಲ್ಲಯ್ಯ ಕೊಟ್ಟಾನ."

ಒಂದು ದಿನವೂ ತನಗೆಂದು ಅದರಲ್ಲಿ ತೆಗೆದವಳಲ್ಲ. ಮೊದಲ ಸಲ ಕಂಡಾಗ ನನಗೆ ಕಣ್ಣಲ್ಲಿ ನೀರು ಬಂತು. ಎಂಥ ಮರ್ಯಾದೆಯಿಂದ ಮುಚ್ಚಿ ಕೊಡುತ್ತಾಳಲ್ಲ ಅನಿಸಿತು. ಓಣಿಯ ಬೇರೆ ಮನೆಗಳಲ್ಲೂ ಇದೇ ಪದ್ಧತಿ ಬಿತ್ತು. ಶಾವಿಗೆ ಹೊಸೆಯುವವಳು, ಹಪ್ಪಳ ಮಾಡುವವಳು, ರೊಟ್ಟಿ ಬಡಿದು ಕೊಡುವವಳು, ಎಲ್ಲರ ಮನೆಯಲ್ಲೂ ಗಿರಾಕಿಗಳು ಜಗಲಿಯ ಮೇಲೆ ಇಟ್ಟು ಹೋಗತೊಡಗಿದರು.

ಹೀಗೆ ನಡೆದಿತ್ತು. ಅಷ್ಟರಲ್ಲಿ ತಂಗಿಯ ಭಾವ ಅಂಗಡಿ ಮುಚ್ಚುವ ಮಾತು ತೆಗೆದ. ಗೊರೇಬಾಳದಲ್ಲಿ ಅವರದು ಕಾಲುವೆ ನೀರಿನ ಗದ್ದೆ ಇತ್ತು. ಬೇರೆಯವರಿಗೆ ಲಾವಣಿಗೆ, ಗೇಣಿಗೆ ಕೊಡುವುದು ಬಿಟ್ಟು ತಾನೇ ಭತ್ತ ಮಾಡಬೇಕು, ಮನೆಯನ್ನು ಬಾಡಿಗೆಗೆ ಹಚ್ಚಿ ಎಲ್ಲರೂ ಗದ್ದೆಮನೆಗೆ ಹೋಗಬೇಕು ಅಂತ ಅವನ ಆಸೆ. ಕೆಟ್ಟ ಮನುಷ್ಯ ಅಲ್ಲ ಅವನು. ಮಸ್ಕಿಯಲ್ಲೇ ಉಳಿಯುತ್ತೇನೆ ಅಂತ ತಂಗಿ ಬಾಯಿಬಿಟ್ಟು ಕೇಳಿದಾಗ ಅವನು ಹೇಳಿದ್ದು ಇಷ್ಟು: "ನೋಡವಾ, ಇಲ್ಲೇ ನಿನಗ ಏನಾರ ಕಾಯಂ ಕೆಲಸ ಅಂತ ಸಿಕ್ರ ಮುಂದಿನ ಖೋಲಿ ನಿನಗೂ ಅವ್ವಗೂ ಬಿಡ್ತೀನಿ. ಬರೇ ಕುಂದರ್ಲಿಕ್ಕೆ ಎರಡು ಒಲಿ ಯಾಕ?"

ತಂಗಿ ನನಗೆ ಫೋನ್ ಮಾಡಿ ಹೇಳಿದಳು. "ಅಕ್ಕ, ಈ ಖೋಲಿ ಉಳಿದ್ರ ಸಾಕು. ಮತ್ತೇನೂ ಕೇಳಂಗಿಲ್ಲ ನಾ ಮಲ್ಲಯ್ಯಗ."

ಅದೇ ವರ್ಷ ನನ್ನ ಮಗಳಿಗೆ ಕೆಲಸ ಸಿಕ್ಕಿತ್ತು. ಎಂ.ಎ. ಮುಗಿಸಿ ಮನೆಯಲ್ಲಿದ್ದವಳು. ಯಾವ ಊರಲ್ಲಿ ಯಾರಿಗೆ ಕೆಲಸ ಇದೆ, ಯಾರಿಗೆ ಏನು ಕಸುಬು ಬರುತ್ತದೆ, ಮುಂದೆ ಎಲ್ಲಿ ಎಂಥ ತರಬೇತಿ ತೆರೆಯಬೇಕು ಅಂತ ಅಭ್ಯಾಸ ಮಾಡುವ ಒಂದು ಸಂಸ್ಥೆ ಬಂದಿತ್ತು. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಮನೆ ಮನೆಗೆ ಹೋಗಿ ಕೇಳಿ ಬರುವ ಕೆಲಸ. ಮನೆಗಳನ್ನು ಮೇಲಿನವರೇ ಚೀಟಿ ಎತ್ತಿದ ಹಾಗೆ ಆರಿಸಿ ಕಳಿಸುತ್ತಿದ್ದರು. ಆ ಚೀಟಿಯಲ್ಲಿ ತಂಗಿಯ ಮನೆ ಬಂತು. ನಮ್ಮ ಚಿಗವ್ವನ ಮನೆ ಇದು ಅಂತ ಮಗಳು ತನ್ನ ಸಾಹೇಬರಿಗೆ ಹೇಳಿದಳಂತೆ. ಬೇರೆ ಯಾರೂ ಇಲ್ಲ, ನೀನೇ ಹೋಗು, ಅವರು ಹೇಳಿದ್ದಷ್ಟನ್ನೇ ಹಾಕು ಅಂದರಂತೆ.

ಸೋಮವಾರ. ಮಲ್ಲಯ್ಯನ ದರ್ಶನವೂ ಆಗುತ್ತದೆ ಅಂತ ನಾನೂ ಹೊರಟೆ. ಬಸ್ಸಿನಲ್ಲಿ ಸೀಟು ಸಿಕ್ಕಿತು. ಅದನ್ನೂ ಆ ಸಂಜೆ ದೇವರ ಲೆಕ್ಕಕ್ಕೆ ಹಿಡಿದಿದ್ದೆ.

ಮಗಳ ಕೊರಳಲ್ಲಿ ಸಂಸ್ಥೆಯ ಗುರುತಿನ ಚೀಟಿ ನೇತಾಡುತ್ತಿತ್ತು. ತಂಗಿಯ ಅತ್ತೆ ಬಾಗಿಲಲ್ಲೇ ನಿಲ್ಲಿಸಿದಳು.

"ಏನಿದು ಕೊಳ್ಳಾಗ? ಲಿಂಗ ತೆಗದು ಚೀಟಿ ಕಟ್ಟಿಕೊಂಡೀ ಏನು?"

"ಲಿಂಗಾನೂ ಐತಿ ಆಯಿ, ಒಳಗೈತಿ. ಇದು ಪಗಾರ ಕೊಡೋರು ಕಟ್ಟಿದ್ದು."

"ಹಂಗಾರ ಗಟ್ಟಿ ದಾರನ ಇರಬೇಕು ಬಿಡು."

ನಕ್ಕೆವು. ತಂಗಿ ಮಷಿನ್ ಬಿಟ್ಟು ಎದ್ದು ಬಂದಳು, ಹಲ್ಲಿನಲ್ಲಿ ದಾರದ ತುಣುಕು ಇನ್ನೂ ಇತ್ತು. ಮಷಿನ್ ಮೇಲೆ ಹಸಿರು ಖಣ ಅರ್ಧ ಹೊಲಿದು ನಿಂತಿತ್ತು. ಚಹಾ ಕುಡಿದೆವು. ಆಮೇಲೆ ಮಗಳು ಟ್ಯಾಬ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ದನಿ ಬದಲಾಯಿತು. ನನ್ನ ಮಗಳು ಹೋಗಿ ಯಾರೋ ಆಫೀಸಿನವಳು ಬಂದ ಹಾಗಾಯಿತು.

"ಕಳೆದ ಒಂದು ವಾರದಲ್ಲಿ ನೀವು ಕೂಲಿಗಾಗಲಿ, ಸಂಬಳಕ್ಕಾಗಲಿ, ಲಾಭಕ್ಕಾಗಲಿ ಒಂದು ತಾಸಾದರೂ ಕೆಲಸ ಮಾಡಿದ್ದೀರಾ?"

"ಯಾರ ಮನಿ ಕೂಲಿ?" ಅಂದಳು ಅತ್ತೆ.

"ಆಯಿ, ಚಿಗವ್ವನ ಹೇಳಬೇಕು."

ತಂಗಿ ಸೆರಗು ಸರಿ ಮಾಡಿಕೊಂಡಳು. "ಇಲ್ಲವ್ವ. ಮನ್ಯಾಗ ಇರ್ತೀನಿ."

ನನಗೆ ತಡೆಯಲಿಲ್ಲ. "ಅಲ್ಲಬೇ, ಹೊಲಿತೀ ಅಲ್ಲ? ಆ ಖಣ ಯಾರದು?"

"ಅದು ಕೂಲಿ ಅಲ್ಲಲ್ಲ ಅಕ್ಕ," ಅಂದಳು. ಸಿಟ್ಟಿನಿಂದಲ್ಲ, ಸಣ್ಣ ಹುಡುಗಿಗೆ ತಿಳಿಸಿ ಹೇಳಿದ ಹಾಗೆ. "ಜಗಲಿ ಮ್ಯಾಲ ಇಟ್ಟಿದ್ದನ್ನ ಕೂಲಿ ಅಂದ್ರ ನಾಳಿಗೆ ದೀಪ ಹೆಂಗ ಹಚ್ಚಲಿ? ಜಗಲಿ ಅಂದ್ರ ದುಕಾನದ ರೊಕ್ಕದ ಗಲ್ಲೇನು?"

ಅತ್ತೆ ಸೊಸೆಯ ಬೆನ್ನ ಮೇಲೆ ಕೈಯಿಟ್ಟಳು. ನನ್ನ ಮನಸ್ಸೂ ಅಲ್ಲೇ ಇತ್ತು. ದೇವರ ಮುಂದೆ ಇಟ್ಟದ್ದು ದೇವರದು. ಸುಳ್ಳು ಅಂತ ಹೇಗೆ ಅನ್ನಲಿ?

ಮಗಳು ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದಳು. ಈ ಸಲ ಒಂದೊಂದೇ ಪದ ಬಿಡಿಸಿ ಕೇಳಿದಳು. ತಂಗಿ ಮತ್ತೆ ಇಲ್ಲ ಅಂದಳು. ಮಗಳು ಬೆರಳಿಂದ ಒತ್ತಿದಳು.

"ಕೆಲಸ ಸಿಕ್ಕರೆ ಮಾಡಲು ಇಷ್ಟ ಇದೆಯಾ?"

ತಂಗಿ ಅತ್ತೆಯ ಮುಖ ನೋಡಿದಳು. ತಂಗಿಗೆ ಬೇಕಾಗಿತ್ತು. ಆ ಖೋಲಿ ಉಳಿಸಿಕೊಳ್ಳಲು ಕೆಲಸವೇ ಬೇಕಾಗಿತ್ತು. ಆದರೆ ಮುದುಕಿ ಸೊಸೆಯ ಮಾನ ಕಾಯಲು ಇಷ್ಟು ವರ್ಷ ಹೆಣೆದದ್ದನ್ನು, ಅವಳ ಎದುರಿಗೇ, ಟ್ಯಾಬ್ ಹಿಡಿದ ಹುಡುಗಿಯ ಮುಂದೆ ಬಿಚ್ಚಿ ಹಾಕುವುದು ಹೇಗೆ? ಮನೆಯಲ್ಲಿ ಸಾಲದಾಗಿದೆ, ಕೆಲಸ ಕೊಡಿರಿ ಅಂದ ಹಾಗೆ ಆಗುವುದಿಲ್ಲವೆ?

"ಬ್ಯಾಡವ್ವ," ಅಂದಳು. "ಮಲ್ಲಯ್ಯ ನಡಸ್ತಾನ."

ಏನು ಕಸುಬು ಬರುತ್ತದೆ ಅಂತ ಒಂದು ಪ್ರಶ್ನೆ ಇತ್ತಂತೆ. ಕೆಲಸ ಬೇಡ ಅಂದವರಿಗೆ ಅದು ತೆರೆಯುವುದೇ ಇಲ್ಲವಂತೆ. ಟ್ಯಾಬ್ ತಾನೇ ಹಾರಿ ಮುಂದಕ್ಕೆ ಹೋಯಿತು. ಮನೆಯಲ್ಲಿ ಪಾಯಖಾನೆ ಇದೆಯಾ, ಗ್ಯಾಸ್ ಇದೆಯಾ, ಅಂಥವನ್ನು ಕೇಳಿ ಮುಗಿಸಿದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಮಗಳು ಕಿಟಕಿಗೆ ತಲೆ ಆನಿಸಿ ಅತ್ತಳು. ಆಗ ಹೇಳಿದಳು: ಹೊಲಿಗೆ ಕಲಿಸುವ ಕೇಂದ್ರ ಎಲ್ಲಿ ತೆರೆಯಬೇಕು ಅನ್ನುವುದು ಈ ಲೆಕ್ಕದ ಮೇಲೆ ನಿಂತಿದೆ, ಮಸ್ಕಿಯಲ್ಲಿ ಆದರೆ ಕಲಿಸುವವರನ್ನು ಅಲ್ಲಿಂದಲೇ ತೆಗೆದುಕೊಳ್ಳುತ್ತಾರೆ.

"ಮೊದಲ ಹೇಳಬಾರದೇನು ಚಿಗವ್ವಗ?"

"ಹೇಳಬಾರದವ್ವ. ಹೇಳಿದ್ರ ಎಲ್ಲರೂ ಬೇಕಂತನ ಅಂತಾರ, ಲೆಕ್ಕ ಕೆಡತೈತಿ. ಹೇಳಂಗಿಲ್ಲ ಅಂತ ಮಾತು ಕೊಟ್ಟು ಬಂದೀನಿ."

"ಈಗ ತಿದ್ದಾಕ ಬರಂಗಿಲ್ಲ?"

"ಕಳಿಸಿದ ಮ್ಯಾಲ ಬರಂಗಿಲ್ಲ." ಮೂಗು ಒರೆಸಿಕೊಂಡು ಅಂದಳು, "ಆ ಓಣ್ಯಾಗ ಇನ್ನೂ ಮನಿ ಅದಾವ. ಅವರಾರ ಹೂಂ ಅಂದ್ರ ಸಾಕು."

ಅವರೂ ಅನ್ನಲಿಲ್ಲ. ಮರುದಿನ ಮಗಳು ಒಬ್ಬಳೇ ಹೋಗಿ ಬಂದಳು. ಶಾವಿಗೆಯವಳು ಮನೆಯಲ್ಲಿ ಇರುತ್ತೇನೆ ಅಂದಳು. ಹಪ್ಪಳದವಳು ಮನೆಯಲ್ಲಿ ಇರುತ್ತೇನೆ ಅಂದಳು, ಹಿಂದೆ ಮಾಳಿಗೆಯ ಮೇಲೆ ಹಪ್ಪಳ ಒಣಗುತ್ತಿದ್ದವು. ಎಲ್ಲರಿಗೂ ಜಗಲಿ ಇತ್ತು.

ಕೆಲವು ತಿಂಗಳಾದ ಮೇಲೆ ತಿಳಿಯಿತು. ಮಸ್ಕಿಯ ಆ ಭಾಗದಲ್ಲಿ ಹೊಲಿಗೆಯ ಹೆಣ್ಣುಮಕ್ಕಳು ಇಲ್ಲ, ಕೆಲಸ ಬೇಕೆನ್ನುವವರೂ ಇಲ್ಲ ಅಂತ ಲೆಕ್ಕ ಹೇಳಿತಂತೆ. ಹೊಲಿಗೆಯ ಕೇಂದ್ರ ಲಿಂಗಸುಗೂರಿಗೆ ಹೋಯಿತು. ಮಸ್ಕಿಗೆ ಗಂಡುಮಕ್ಕಳಿಗೆ ಬೈಕ್ ರಿಪೇರಿ ಕಲಿಸುವುದು ಬಂತು.

ಮಗಳೇ ಹೋಗಿ ಚಿಗವ್ವನಿಗೆ ಎಲ್ಲ ಹೇಳಿದಳು. ತಂಗಿ ಬೈಯಲಿಲ್ಲ. "ನೀ ಕೊಟ್ಟ ಮಾತು ಉಳಿಸಿಕೊಂಡಿ, ನಾ ನನ್ನ ಮಾತು ಉಳಿಸಿಕೊಂಡೆ. ಏಳು, ರೊಟ್ಟಿ ತಿನ್ನು," ಅಂದಳಂತೆ. ಆಮೇಲೆ ಅತ್ತೆಗೆ ಗುರುಗುಂಟಾದ ಅಮರೇಶ್ವರನ ದರ್ಶನಕ್ಕೆ ಅಂತ ಹೇಳಿ ನನ್ನನ್ನು ಕರೆದುಕೊಂಡು ಲಿಂಗಸುಗೂರಿಗೆ ಹೊರಟಳು. ದರ್ಶನ ಖರೇನೇ ಮಾಡಿದೆವು. ತಿರುಗಿ ಬರುವಾಗ ಕೇಂದ್ರಕ್ಕೆ ಹೋದೆವು.

ಕೇಂದ್ರ ನೋಡಿಕೊಳ್ಳುವ ಹೆಣ್ಣುಮಗಳು, ಬಾಯಿ ಅಂತ ಎಲ್ಲರೂ ಕರೆಯುವವಳು, ಒಳ್ಳೆಯವಳು. ತಂಗಿ ಚೀಲದಿಂದ ಗಂಟುಕಟ್ಟಿನ ಕುಪ್ಪಸ ತೆಗೆದು ಮೇಜಿನ ಮೇಲೆ ಹಾಸಿದಳು. ಬಾಯಿ ತೋಳಿನ ಅಂಚನ್ನು ಬೆರಳಿಂದ ಸವರಿ ನೋಡಿದಳು.

"ಎಷ್ಟು ಚಂದ ಹೊಲಿದೀರಿ. ಎಲ್ಲಿ ಕೆಲಸ ಮಾಡಿದ್ರಿ ಮೊದಲು?"

"ಎಲ್ಲೂ ಇಲ್ರಿ. ಮನ್ಯಾಗ."

"ಗಿರಾಕಿ ಇದ್ರೇನು? ಬಿಲ್ಲು, ಪಾವತಿ ಚೀಟಿ, ಏನಾರ?"

ತಂಗಿ ನನ್ನ ಕಡೆ ನೋಡಿದಳು. ಜಗಲಿಯ ಪಾವತಿ ಎಲ್ಲಿಂದ ತರಬೇಕು?

"ಕಲಿಸೋರನ್ನ ಇಲ್ಲಿಯವರನ್ನ ತಗೊಂಡು ಆಗೇತ್ರಿ," ಅಂದಳು ಬಾಯಿ. "ಕಲಿಯಾಕ ಬರ್ತೀರಂದ್ರ ಬರ್ರಿ. ಮುಗದ ಮ್ಯಾಲ ಸರ್ಟಿಫಿಕೇಟ್ ಕೊಡ್ತೀವಿ."

ಒಳಗೆ ಹುಡುಗಿಯರು ಹಾಳೆಯ ಮೇಲೆ ಗೆರೆ ಹಾಕಿ ಅದರ ಮೇಲೆ ಹೊಲಿಯುವುದನ್ನು ಕಲಿಯುತ್ತಿದ್ದರು. ತಂಗಿ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು. ಬಂದು ಕೂಡಲೂ ತಯಾರಿದ್ದಳು, ನಾನು ಕಂಡೆ. ಆದರೆ ಕಲಿಯಲು ಹೋಗುವುದು ಕೆಲಸ ಅಲ್ಲ. ಭಾವ ಖೋಲಿ ಬಿಡುತ್ತೇನೆ ಅಂದದ್ದು ಕೆಲಸಕ್ಕೆ. ಕುಪ್ಪಸ ಮಡಚಿ ಚೀಲಕ್ಕೆ ಹಾಕಿದಳು. ಬಸ್ ನಿಲ್ದಾಣದಲ್ಲಿ ಕಬ್ಬಿನ ಹಾಲು ಕುಡಿಸಿದೆ. "ಐಸ್ ಕಮ್ಮಿ ಹಾಕಪ್ಪ, ನಮ್ಮಕ್ಕಗ ಹಲ್ಲು ಜುಮ್ ಅಂತಾವ," ಅಂತ ನನಗೋಸ್ಕರ ಹೇಳಿದಳು. ಅಂಥ ಹೊತ್ತಿನಲ್ಲೂ.

ಭಾವ ಮುಂದಿನ ಖೋಲಿಯನ್ನು ಮೊಬೈಲ್ ಅಂಗಡಿಯವನಿಗೆ ಬಾಡಿಗೆ ಕೊಟ್ಟ. ಸಾಮಾನು ಟ್ರ್ಯಾಕ್ಟರಿನಲ್ಲಿ ಗೊರೇಬಾಳಕ್ಕೆ ಹೋಯಿತು. ಗದ್ದೆಮನೆಯಲ್ಲಿ ಮಷಿನ್ ಇಡಲು ಜಾಗ ಇರಲಿಲ್ಲ, ಭತ್ತದ ಚೀಲಕ್ಕೇ ಜಾಗ ಸಾಲದು. ಮಷಿನ್ ನಮ್ಮ ಮನೆಗೆ ಬಂತು. ನೀನೂ ಬಂದುಬಿಡು ಅಂದೆ. ನಮ್ಮ ಮನೆಯವರೂ ಅಂದರು.

"ಅತ್ತಿನ್ನ ಯಾರು ನೋಡ್ತಾರ ಅಕ್ಕ? ಅಕಿ ನನ್ನ ನೋಡಿಲ್ಲೇನು?" ಅಂದಳು.

ಮಷಿನ್ ಈಗ ನಮ್ಮ ಪಡಸಾಲೆಯ ಮೂಲೆಯಲ್ಲಿದೆ. ಅಕಿಯದೇ ಬಟ್ಟೆ ಹೊದಿಸಿದ್ದೇನೆ. ಆಗಾಗ ಎಣ್ಣೆ ಬಿಟ್ಟು ಚಕ್ರ ತಿರುಗಿಸುತ್ತೇನೆ, ಜಂಗು ಹಿಡಿಯಬಾರದು ಅಂತ. ಹೊಲಿಯಲು ನನಗೆ ಬರುವುದಿಲ್ಲವಲ್ಲ, ಬರೀ ತಿರುಗುತ್ತದೆ.

ಗೊರೇಬಾಳದಲ್ಲಿ ಖಣದ ಕುಪ್ಪಸ ಕೇಳಿ ಬರುವವರಿಲ್ಲ. ನಾಟಿಗೆ ಬರುವ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ಅಂಗಿ ತೊಡುತ್ತಾರೆ. ತಂಗಿ ಆಳುಗಳಿಗೆ ರೊಟ್ಟಿ ಬಡಿಯುತ್ತಾಳೆ, ಗದ್ದೆಗೆ ಬುತ್ತಿ ಹೊತ್ತು ಹೋಗುತ್ತಾಳೆ, ಭತ್ತ ಹರವುತ್ತಾಳೆ, ಮೋಡ ಕಂಡರೆ ಓಡಿ ಒಟ್ಟುತ್ತಾಳೆ. ಯಾರೂ ಜೋರು ಮಾಡುವುದಿಲ್ಲ. ಊಟಕ್ಕೆ ಕಡಿಮೆ ಇಲ್ಲ. ಇವನ್ನೆಲ್ಲ ನಾನು ಸಂಜೆ ದೀಪದ ಮುಂದೆ ಹೇಳಿಕೊಳ್ಳುತ್ತೇನೆ.

ವರ್ಷದ ಮೇಲೆ ಮತ್ತೆ ಅದೇ ಮನೆಗಳಿಗೆ ಹೋಗಿ ಏನು ಬದಲಾಗಿದೆ ಅಂತ ಕೇಳಬೇಕು ಅನ್ನುವುದು ಮಗಳ ಸಂಸ್ಥೆಯ ಕ್ರಮ. ಊರು ಬಿಟ್ಟವರನ್ನೂ ಹುಡುಕಿ ಹೋಗಬೇಕು. ಹೋದ ಸುಗ್ಗಿಯಲ್ಲಿ ನಾವಿಬ್ಬರೂ ಆಟೋ ಮಾಡಿಕೊಂಡು ಗೊರೇಬಾಳಕ್ಕೆ ಹೋದೆವು.

ತಂಗಿ ಕಪ್ಪಾಗಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಭತ್ತ ಹರವುತ್ತಿದ್ದವಳು ಮಗಳನ್ನು ಕಂಡು ನಕ್ಕಳು. "ಬಂದ್ಳು ನೋಡ್ರಿ ಪರೀಕ್ಷಾ ತಗೊಳ್ಳೋ ಮೇಡಮ್ಮು. ಈ ಸಲ ಓದಿಕೊಂಡೀನಿ ತಗೋ." ಒಳಗೆ ಹೋಗಿ ಕೈಕಾಲು ತೊಳೆದು, ಬೇರೆ ಸೀರೆ ಉಟ್ಟು ಬಂದು ಕೂತಳು. ಅತ್ತೆ ಹೊರಸಿನ ಮೇಲೆ ಮಲಗಿದ್ದಳು, ಕಿವಿ ಮಂದ ಆಗಿತ್ತು.

ಅದೇ ಪ್ರಶ್ನೆ. ಕೂಲಿಗೆ, ಸಂಬಳಕ್ಕೆ, ಲಾಭಕ್ಕೆ ಕೆಲಸ ಮಾಡಿದ್ದೀರಾ?

"ಇಲ್ಲವ್ವ, ಕೂಲಿ ಎಲ್ಲೀದು."

"ಮನೆಯ ಒಕ್ಕಲುತನದಲ್ಲಿ ಸಂಬಳ ಇಲ್ಲದೆ ಸಹಾಯ ಮಾಡಿದ್ದೀರಾ?"

"ಅದನ್ನ ಮಾಡಾಕತ್ತೀನಲ್ಲ. ಕಾಣವಲ್ದೇನು ಭತ್ತ?"

ಮಗಳ ಬೆರಳು ಸ್ವಲ್ಪ ತಡೆದು ಆಮೇಲೆ ಒತ್ತಿತು. ಎಷ್ಟು ತಾಸು, ಎಷ್ಟು ದಿನ ಅಂತ ಕೇಳಿದಳು. ಆಮೇಲೆ ಪಾಯಖಾನೆ, ಆಮೇಲೆ ಗ್ಯಾಸ್. ಟ್ಯಾಬ್ ಮುಚ್ಚಿದಳು.

ತಂಗಿ ಕೂತೇ ಇದ್ದಳು. "ಆತೇನು?"

"ಆತು ಚಿಗವ್ವ."

"ಇನ್ನೊಂದು ಕೇಳ್ಲಿಲ್ಲಲ್ಲ. ಹೋದ ಸಲ ಕೇಳಿದ್ದಿ. ಕೆಲಸ ಬೇಕೇನು ಅಂತ."

ಮಗಳು ನನ್ನ ಕಡೆ ನೋಡಿದಳು.

"ಈ ಸಲ ಅದು ಬರಂಗಿಲ್ಲ ಚಿಗವ್ವ. ಕೆಲಸ ಇದ್ದವರಿಗೆ ಅದನ್ನ ಕೇಳಂಗಿಲ್ಲ."

"ನನಗ ಕೆಲಸ ಐತೇನು?"

"ಲೆಕ್ಕದಾಗ ಐತಿ. ಈ ಭತ್ತದ್ದು."

"ಹೌದಾ," ಅಂದಳು. ಬೆರಳುಗಳನ್ನು ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಭತ್ತದ ಧೂಳು ತೊಳೆದರೂ ಹೋಗಿರಲಿಲ್ಲ. "ಹೂಂ ಅನಬೇಕಂತ ಕುಂತಿದ್ದೆನವ್ವ. ಅತ್ತಿಗೂ ಕೇಳಿ ಇಟ್ಟಿದ್ದೆ. ಹೂಂ ಅನ್ನು ಅಂದಿದ್ಲು."

ಸೀರೆ ಬದಲಿಸಿ ಬಂದು ಕೂತದ್ದು ಅದಕ್ಕೆ ಅಂತ ಆಗ ನನಗೆ ತಿಳಿಯಿತು.

ಮಗಳು ಟ್ಯಾಬನ್ನು ಮತ್ತೆ ತೆರೆದಳು, ಏನಾದರೂ ಇರಬಹುದು ಅಂತ ಹಿಂದೆ ಮುಂದೆ ಸರಿಸಿ ನೋಡಿದಳು. ಆ ಪ್ರಶ್ನೆ ಎಲ್ಲೂ ಇರಲಿಲ್ಲ. ತಂಗಿಯೇ ಅವಳ ಕೈ ಹಿಡಿದು ನಿಲ್ಲಿಸಿದಳು. "ಬಿಡವ್ವ. ನಿನ್ನ ಕೆಲಸ ಕೆಡಸ್ಕೋಬ್ಯಾಡ."

ಹೊತ್ತು ಮುಳುಗುವ ಮುಂದೆ ಹೊರಡಬೇಕಿತ್ತು. ಅತ್ತೆ ಎದ್ದು, ಗೋಡೆ ಹಿಡಿದುಕೊಂಡು ಮೂಲೆಯ ಸಣ್ಣ ಜಗಲಿಯ ಹತ್ತಿರ ಹೋದಳು. ಅಲ್ಲಿ ವಿಭೂತಿ ತಟ್ಟೆಯ ಪಕ್ಕಕ್ಕೆ ಬೆಲ್ಲದ ಚೂರು ಇತ್ತು. ಮುಂಜಾನೆ ತಾನೇ ಇಟ್ಟದ್ದಿರಬೇಕು. ಬೇರೆ ಯಾರು ಇಡುತ್ತಾರೆ ಆ ಗದ್ದೆಮನೆಯಲ್ಲಿ? ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡು ಸೊಸೆಯ ಕಡೆ ಚಾಚಿದಳು.

"ತಗೋ. ಮಲ್ಲಯ್ಯ ಕೊಟ್ಟಾನ."

ತಂಗಿ ಸೆರಗು ಒಡ್ಡಿ ತಗೊಂಡಳು. ಮೂರು ಚೂರು ಮಾಡಿ ನನಗೊಂದು, ಮಗಳಿಗೊಂದು ಕೊಟ್ಟಳು. ಆಟೋದವನು ಹಾರ್ನ್ ಹೊಡೆಯುತ್ತಿದ್ದ. ಬೆಲ್ಲವನ್ನು ಬಾಯಿಗೆ ಹಾಕಿಕೊಳ್ಳಲಿಕ್ಕೆ ನನ್ನಿಂದ ಆಗಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡೇ ಸಿಂಧನೂರಿಗೆ ಬಂದೆ. ಕೈಯೆಲ್ಲ ಅಂಟು.